ಸಪ್ಪೆ ಜಾಗಗಳ ಪಟ್ಟಿ

ನಮ್ಮತ್ತೆಗೆ ಆಫೀಸಿನಲ್ಲಿ ಸಪ್ಪೆಮ್ಮ ಎಂದು ಹೆಸರು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನನಗೆ ಒಳಗೊಳಗೇ ನಗು ಬಂದಿತ್ತು, ಏಕೆಂದರೆ ಮನಸ್ಸಿನಲ್ಲಿ ನಾನೂ ಹೆಚ್ಚುಕಡಿಮೆ ಅದೇ ಹೆಸರನ್ನು ಇಟ್ಟುಕೊಂಡಿದ್ದೆ. ಅಡುಗೆಗೆ ಉಪ್ಪು ಕಡಿಮೆ, ಬಾಯಲ್ಲಿ ಮಾತು ಕಡಿಮೆ, ಬಟ್ಟೆ ಎಂದರೆ ಬೂದು, ತಪ್ಪಿದರೆ ಇನ್ನೊಂದು ಬೂದು. ಆ ಹೆಸರಿಗೆ ಬೇರೆಯೇ ಕಾರಣವಿದೆ ಎಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಆ ಕಾರಣ ಎಷ್ಟು ದೊಡ್ಡದು ಎಂದು ಗೊತ್ತಾಗಲು ಒಂದು ತೂಕದ ಯಂತ್ರ ಬೇಕಾಯಿತು.

ಅತ್ತೆಯ ಕೆಲಸ ಮಂಗಳ ಗ್ರಹದ್ದು. ಹಾಗೆಂದ ತಕ್ಷಣ ಜನ ರಾಕೆಟ್ ಎಂದುಕೊಳ್ಳುತ್ತಾರೆ. ಅತ್ತೆ ರಾಕೆಟ್ಟನ್ನು ನೋಡಿದ್ದು ನಮ್ಮ ಹಾಗೆಯೇ, ಟಿ.ವಿ.ಯಲ್ಲಿ. ಮಂಗಳವನ್ನು ಸುತ್ತುತ್ತಿರುವ ನೌಕೆಯೊಂದರಲ್ಲಿ ಒಂದು ವಿಶೇಷ ಕ್ಯಾಮೆರಾ ಇದೆ. ನಮ್ಮ ಫೋನಿನ ಕ್ಯಾಮೆರಾ ಮೂರು ಬಣ್ಣಗಳಲ್ಲಿ ನೋಡಿದರೆ ಅದು ನಾನೂರಕ್ಕೂ ಹೆಚ್ಚು ಬಣ್ಣಗಳಲ್ಲಿ ನೋಡುತ್ತದೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಕಣ್ಣಿಗೆ ಕಾಣುವವೇ ಅಲ್ಲ. ನೆಲದ ಮೇಲೆ ಬೀಳುವ ಬಿಸಿಲಿನಲ್ಲಿ ಒಂದೊಂದು ಖನಿಜವೂ ತನಗೆ ಬೇಕಾದ ಬಣ್ಣವನ್ನು ನುಂಗಿ ಉಳಿದದ್ದನ್ನು ವಾಪಸು ಕಳಿಸುತ್ತದೆ. ಜೇಡಿಮಣ್ಣು ನುಂಗುವುದು ಒಂದನ್ನು, ಉಪ್ಪು ನುಂಗುವುದು ಇನ್ನೊಂದನ್ನು. ಚಿತ್ರದ ಪ್ರತಿ ಚುಕ್ಕಿಗೂ ಒಂದು ಗೆರೆ ಎಳೆದು ನೋಡಿದರೆ, ನುಂಗಿದ ಕಡೆಯಲ್ಲೆಲ್ಲ ಆ ಗೆರೆಯಲ್ಲಿ ಗುಂಡಿ ಬಿದ್ದಿರುತ್ತದೆ. ಗುಂಡಿ ಎಲ್ಲಿದೆ ಎಂದು ನೋಡಿ ಅಲ್ಲಿರುವುದು ಏನು ಎಂದು ಹೇಳುತ್ತಾರೆ. ಹೀಗೆ, ಕಾಲೇ ಇಡದೆ, ಒಂದು ಗ್ರಹದ ಮಣ್ಣಿನ ನಕ್ಷೆ ಬರೆಯುತ್ತಾರೆ.

ಆದರೆ ಆ ಗೆರೆ ಚೊಕ್ಕವಾಗಿ ಬರುವುದಿಲ್ಲ. ಅಲ್ಲಿನ ಗಾಳಿ ಒಂದಷ್ಟು ನುಂಗಿರುತ್ತದೆ, ಧೂಳು ಒಂದಷ್ಟು ಮಸುಕು ಮಾಡಿರುತ್ತದೆ, ಸಾಲದ್ದಕ್ಕೆ ಕ್ಯಾಮೆರಾದಲ್ಲೇ ಒಂದೊಂದು ಸಾಲಿಗೆ ಒಂದೊಂದು ಚಾಳಿ. ಅದಕ್ಕೊಂದು ಉಪಾಯವಿದೆ. ಅದೇ ಚಿತ್ರದಲ್ಲಿ, ಅದೇ ಸಾಲಿನಲ್ಲಿ, ಯಾವ ವಿಶೇಷವೂ ಇಲ್ಲದ ಒಂದು ಜಾಗವನ್ನು ಹುಡುಕಬೇಕು. ಅದರ ಗೆರೆಯಿಂದ ನಮಗೆ ಬೇಕಾದ ಜಾಗದ ಗೆರೆಯನ್ನು ಭಾಗಿಸಬೇಕು. ಎರಡರಲ್ಲೂ ಇರುವುದು ಹೊಡೆದುಹೋಗಿ, ಬೇಕಾದ ಜಾಗದಲ್ಲಿ ಮಾತ್ರ ಇರುವುದು ಉಳಿಯುತ್ತದೆ. ವಿಶೇಷವಾದದ್ದನ್ನು ಹುಡುಕಲು ಆ ಆಫೀಸಿನಲ್ಲಿ ದೊಡ್ಡ ದೊಡ್ಡ ಓದು ಓದಿದವರಿದ್ದಾರೆ. ಏನೂ ಇಲ್ಲದ ಜಾಗವನ್ನು ಹುಡುಕುವವರು ನಮ್ಮತ್ತೆ. ಆ ಜಾಗಕ್ಕೆ ಸಪ್ಪೆ ಜಾಗ ಎನ್ನುತ್ತಾರೆ. ಹದಿನಾರು ವರ್ಷದಲ್ಲಿ ಅತ್ತೆ ಇಂಥ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಜಾಗಗಳನ್ನು ಗುರುತಿಸಿದ್ದಾರೆ.

ಅವರು ಓದಿದ್ದು ಬಣ್ಣಗಾರಿಕೆಯ ಡಿಪ್ಲೊಮಾ. ಮೊದಲು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿದ್ದರು. ಗಿರಾಕಿ ಕೊಟ್ಟ ತುಂಡು ಬಟ್ಟೆಗೂ ಹಂಡೆಯಿಂದ ಬಂದ ಬಟ್ಟೆಗೂ ಬಣ್ಣ ಕೂಡಿದೆಯೇ ಎಂದು ನೋಡುವುದು ಅವರ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಅವಳಿಜವಳಿಯಂತೆ ಕಂಡ ಎರಡು ತುಂಡುಗಳು ಬಿಸಿಲಿಗೆ ಬಂದರೆ ಪರಿಚಯವೇ ಇಲ್ಲದವರಂತೆ ನಿಲ್ಲುತ್ತವಂತೆ. ಆ ಕಾರ್ಖಾನೆ ಮುಚ್ಚಿದಾಗ ಅವರಿಗೆ ನಲವತ್ನಾಲ್ಕು ವರ್ಷ, ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು, ನನ್ನ ಗಂಡ ಹದಿಮೂರರ ಹುಡುಗ. ಚಿತ್ರ ಪರೀಕ್ಷಿಸುವವರು ಬೇಕು ಎಂಬ ಜಾಹೀರಾತು ನೋಡಿ ಹೋದರು. ನಲವತ್ತು ಬೂದು ಕಾಗದಗಳನ್ನು ಮುಂದಿಟ್ಟು, ಬೇರೆಯದನ್ನು ತೆಗೆಯಿರಿ ಎಂದರಂತೆ. ಅತ್ತೆ ಅದನ್ನು ತೆಗೆದುಕೊಟ್ಟು, "ಇನ್ನೆರಡು ಬೇರೆ ದಿನ ಪ್ರಿಂಟ್ ಆಗಿವೆ, ಅದೂ ಬೇಕಾ?" ಎಂದು ಕೇಳಿದರಂತೆ. ಸಂದರ್ಶನ ಅಲ್ಲಿಗೇ ಮುಗಿಯಿತು.

ಬೂದು ಬಟ್ಟೆಯ ರಹಸ್ಯವೂ ಅಲ್ಲಿಯದೇ. ಅವರು ಕೂರುವ ಕೋಣೆಯ ಗೋಡೆ ಬೂದು, ಕಿಟಕಿಯ ಪರದೆ ಬೂದು, ಮೇಜಿನ ಹಾಸು ಬೂದು. ಕೆಂಪು ಬಟ್ಟೆ ಹಾಕಿಕೊಂಡವರು ಎದುರು ಕೂತರೆ ಅದರ ಛಾಯೆ ಪರದೆಯ ಮೇಲೆ ಬಿದ್ದು ಕಣ್ಣಿಗೆ ಮೋಸ ಮಾಡುತ್ತದೆ. ಹದಿನಾರು ವರ್ಷ ಅತ್ತೆ ಒಂದೂ ಬಣ್ಣದ ಬಟ್ಟೆ ಹಾಕದಿದ್ದುದು ಇದಕ್ಕೆ. ನಾನು ಏನೇನೋ ಊಹಿಸಿ ಒಳಗೊಳಗೇ ಮರುಗಿದ್ದೆ. ಕೇಳುವ ಧೈರ್ಯ ಇರಲಿಲ್ಲ.

ಇನ್ನು ನೋಟ್‌ಬುಕ್ಕುಗಳು. ಕಂಪ್ಯೂಟರಿನಲ್ಲಿ ಸಪ್ಪೆ ಜಾಗದ ಸಂಖ್ಯೆ ಮಾತ್ರ ಸೇರುತ್ತದೆ. ಆ ಜಾಗವನ್ನೇ ಏಕೆ ಆರಿಸಿದೆ ಎನ್ನುವುದನ್ನು ಅತ್ತೆ ತಮ್ಮದೇ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡುತ್ತಿದ್ದರು: ತಾರೀಖು, ಚಿತ್ರದ ಸಂಖ್ಯೆ, ಸಾಲು, ಕಾರಣ. "ಸಮತಟ್ಟು, ಧೂಳು ಮುಚ್ಚಿದೆ, ನೆರಳಿಲ್ಲ, ಪಕ್ಕದ ಐದು ಚುಕ್ಕಿಯೂ ಹೀಗೇ." ತಪ್ಪಾದರೆ ಗೀಚುವಂತಿಲ್ಲ. ಕೆಳಗಿನ ಅಕ್ಷರ ಕಾಣುವಂತೆ ಒಂದೇ ಒಂದು ಅಡ್ಡಗೆರೆ, ಪಕ್ಕದಲ್ಲಿ ತಾರೀಖು, ಸಹಿ. ಕಾರ್ಖಾನೆಯಲ್ಲಿ ಕಲಿತ ಪಾಠವದು. ಅಂಥ ಹನ್ನೊಂದು ನೋಟ್‌ಬುಕ್ಕುಗಳು ನಮ್ಮ ಬಟ್ಟೆಯ ಬೀರುವಿನ ಕೆಳಗಿನ ಅರೆಯಲ್ಲಿದ್ದವು. ಮಗುವಿನ ಬಟ್ಟೆಗೆ ಜಾಗ ಸಾಲದೆ ಅವನ್ನು ಎಲ್ಲಿಗಾದರೂ ಸಾಗಿಸೋಣ ಎಂದು ನಾನೇ ಎರಡು ಸಲ ಗಂಡನ ಕಿವಿ ಕಚ್ಚಿದ್ದೆ.

ಈಗ ನಡೆದದ್ದಕ್ಕೆ ಬರುತ್ತೇನೆ.

ಅತ್ತೆಯ ನಿವೃತ್ತಿಗೆ ನಾಲ್ಕು ವಾರ ಉಳಿದಿತ್ತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಇನ್ನು ಮುಂದೆ ಸಪ್ಪೆ ಜಾಗವನ್ನು ಯಂತ್ರವೇ ಹುಡುಕುತ್ತದೆ. ಆದರೆ ಯಂತ್ರಕ್ಕೂ ಯಾರಾದರೂ ಕಲಿಸಬೇಕಲ್ಲ. ಅತ್ತೆಯ ಪಟ್ಟಿಯನ್ನೇ ಇಡಿಯಾಗಿ ಅದಕ್ಕೆ ಉಣಿಸುವುದು, ಬೀಳ್ಕೊಡುಗೆಯ ದಿನವೇ ಅದನ್ನು ಶುರು ಮಾಡುವುದು ಎಂದು ಅಲ್ಲಿನ ಮುಖ್ಯಸ್ಥೆ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ತೀರ್ಮಾನಿಸಿದ್ದರು. ಅತ್ತೆ ಈ ಸುದ್ದಿಯನ್ನು ಮನೆಯಲ್ಲಿ ಹೇಳಿದ್ದು ಹಾಲಿನವನು ನಾಳೆ ಬರುವುದಿಲ್ಲವಂತೆ ಎನ್ನುವ ಧಾಟಿಯಲ್ಲಿ. ಆದರೆ ಅವತ್ತು ಎರಡನೇ ಸಲ ಟೀ ಕುಡಿದರು. ಅತ್ತೆ ಎರಡನೇ ಸಲ ಟೀ ಕುಡಿದರೆ ಅದು ಸಂಭ್ರಮ ಎಂದು ತಿಳಿಯಬೇಕು.

ನನಗೂ ಆ ತಾರೀಖಿನ ಮೇಲೇ ಕಣ್ಣು. ಮುಂದಿನ ತಿಂಗಳ ಒಂದನೇ ತಾರೀಖಿಗೆ ನಾನು ಮತ್ತೆ ಶಾಲೆಗೆ ಪಾಠ ಮಾಡಲು ಹೋಗಬೇಕು, ಎಂಟು ತಿಂಗಳ ಮಗಳನ್ನು ಅತ್ತೆ ನೋಡಿಕೊಳ್ಳಬೇಕು.

ಮಗಳ ವಿಷಯದಲ್ಲಿ ನನಗೆ ಗಾಬರಿ ಹೆಚ್ಚು, ಒಪ್ಪಿಕೊಳ್ಳುತ್ತೇನೆ. ಎಷ್ಟು ಚಮಚ ತಿಂದಳು, ಎಷ್ಟು ಹೊತ್ತು ಮಲಗಿದಳು, ಎಲ್ಲಕ್ಕೂ ಗೋಡೆಯ ಮೇಲೆ ಚಾರ್ಟ್. ಪ್ರತಿ ಶನಿವಾರ ತೂಕ. ಮಗುವಿನ ತೂಕದ ಯಂತ್ರ ನಮ್ಮಲ್ಲಿರಲಿಲ್ಲ, ದೊಡ್ಡವರದ್ದೇ. ಅವಳನ್ನು ಎತ್ತಿಕೊಂಡು ನಾನು ನಿಲ್ಲುವುದು, ಬಂದದ್ದರಲ್ಲಿ ನನ್ನ ತೂಕ ಕಳೆಯುವುದು. ಹಿಂದಿನ ವಾರ ಅವಳು ಏಳು ಕಿಲೋ ಒಂಬೈನೂರು. ಆ ಶನಿವಾರ ಬೆಳಿಗ್ಗೆ ಇಬ್ಬರೂ ಸೇರಿ ಅರವತ್ತೈದು ಕಿಲೋ ನಾನೂರು. ನನ್ನದು ಐವತ್ತೆಂಟು ಇನ್ನೂರು ಎಂದು ಚಾರ್ಟಿನಲ್ಲಿತ್ತು. ಕಳೆದೆ. ಏಳು ಇನ್ನೂರು. ಒಂದೇ ವಾರದಲ್ಲಿ ಏಳುನೂರು ಗ್ರಾಂ ಇಳಿದಿದ್ದಾಳೆ.

"ರೀ, ಡಾಕ್ಟರಿಗೆ ಫೋನ್ ಮಾಡಿ. ಬೇಗ ಮಾಡಿ" ಎಂದೆ.

ಇವರು ಹಲ್ಲುಜ್ಜುತ್ತಲೇ ಬಂದು, "ಗುಂಡುಗುಂಡಗೆ ಇದಾಳಲ್ಲೇ" ಎಂದರು.

"ನೋಡಿದ್ರೆ ಗೊತ್ತಾಗುತ್ತಾ? ಲೆಕ್ಕ ಹೇಳ್ತಿದೆ."

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು. ಚಾರ್ಟ್ ನೋಡಿದರು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀನೊಬ್ಬಳೇ ನಿಲ್ಲಮ್ಮ" ಎಂದರು.

ನಿಂತೆ. ಐವತ್ತೇಳು ನಾನೂರು.

"ಮಗು ಇಳಿದಿಲ್ಲ. ಎಂಟು ಕಿಲೋ ತುಂಬಿದೆ. ಇಳಿದಿರೋದು ನೀನು. ಊಟ ಮಾಡ್ತಿದೀಯೋ, ಬರೀ ಚಾರ್ಟ್ ಬರೀತಿದೀಯೋ?" ಎಂದು ಅತ್ತೆ ಅಂದರು. ಇವರು ಬಾಯಲ್ಲಿ ನೊರೆ ಇಟ್ಟುಕೊಂಡೇ ನಕ್ಕರು. ನನಗೆ ಅಳು ಬಂತು, ಆಮೇಲೆ ನಗು.

ಅತ್ತೆ ಮಾತ್ರ ನಗಲಿಲ್ಲ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಯಂತ್ರದ ಮುಂದೆಯೇ ನಿಂತಿದ್ದರು. "ಕಳೆಯೋದು ತಪ್ಪಿದ್ರೆ ಉಳಿಯೋದೂ ತಪ್ಪು" ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ಬುದ್ಧಿ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಅವರಿಗೆ ಒಂದು ಉಪ್ಪಿನ ನೆನಪಾಗಿತ್ತು.

ಅವರ ಜೊತೆ ಕೆಲಸ ಮಾಡುವ ಹುಡುಗನೊಬ್ಬನಿದ್ದ. ದಿನವಿಡೀ ಗೆರೆ ನೋಡುತ್ತ ಕೂರುತ್ತಾನೆಂದು, ಅವನ ಸಂಶೋಧನಾ ಪ್ರಬಂಧ ಇನ್ನೂ ಮುಗಿಯದಿದ್ದರೂ, ಎಲ್ಲರೂ ಗೆರೆ ಡಾಕ್ಟರು ಎಂದು ಕರೆಯುತ್ತಿದ್ದರು. ನಮ್ಮ ಮನೆಗೂ ಬಂದುಹೋಗುತ್ತಿದ್ದವನು. ಒಂದು ದೊಡ್ಡ ಕುಳಿಯ ಅಂಚಿನ ಇಳಿಜಾರಿನಲ್ಲಿ ಒಂದು ಬಗೆಯ ಉಪ್ಪು ಸಿಕ್ಕಿದೆ ಎಂದು ಅವನು ಪ್ರಬಂಧದ ಅರ್ಧ ಭಾಗ ಬರೆದಿದ್ದ. ಆದರೆ ಹಿಂದಿನ ವಾರ ನಮ್ಮ ಮನೆಯಲ್ಲೇ ಟೀ ಕುಡಿಯುತ್ತ, "ಉಪ್ಪು ಇದೆ ಅಮ್ಮಾ, ಆದ್ರೆ ಆ ಇಳಿಜಾರಲ್ಲಿ ಯಾಕೆ ಕೂತಿದೆ ಅಂತ ಮಾತ್ರ ತಲೆಗೆ ಹೋಗ್ತಿಲ್ಲ" ಎಂದು ತಲೆ ಕೆರೆದುಕೊಂಡಿದ್ದ. ಅವನು ಭಾಗಿಸಿದ್ದು ಅತ್ತೆ ಆರಿಸಿದ್ದ ಸಪ್ಪೆ ಜಾಗದಿಂದ.

ಸೋಮವಾರ ಅತ್ತೆ ಆಫೀಸಿಗೆ ಹೋಗಿ, ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ಆ ಚಿತ್ರವನ್ನು ತೆರೆದು, ಸಪ್ಪೆ ಜಾಗವನ್ನೇ ನೋಡಿದರು. ಎಲ್ಲರೂ ಅದರಿಂದ ಭಾಗಿಸುತ್ತಿದ್ದರೇ ಹೊರತು ಅದನ್ನೇ ಯಾರೂ ನೋಡಿರಲಿಲ್ಲ. ಅದನ್ನು ಅದೇ ಸಾಲಿನ ಬೇರೆ ಮೂರು ಜಾಗಗಳಿಂದ ಭಾಗಿಸಿದರು. ಮೂರು ಸಲವೂ ಎರಡು ಗುಂಡಿಗಳು ಎದ್ದು ಕಂಡವು.

ಸಂಜೆ ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತರು. ನನ್ನ ಬಣ್ಣದ ಕಡ್ಡಿ ತೆಗೆದುಕೊಂಡು, ಹಳೆಯ ಚಾರ್ಟೊಂದರ ಹಿಂದೆ ಗೆರೆ ಎಳೆದರು. "ಇದು ನಾನು ಸಪ್ಪೆ ಅಂದ ಜಾಗ. ಇಲ್ಲೊಂದು ಗುಂಡಿ, ಇಲ್ಲೊಂದು ಗುಂಡಿ. ಈಗ ಇದರಿಂದ ಇನ್ನೊಂದನ್ನ ಭಾಗಿಸಿದ್ರೆ ಏನಾಗುತ್ತೆ?"

ನಾನು ಲೆಕ್ಕದ ಟೀಚರ್ ಅಲ್ಲ. ಆದರೂ ಹೇಳಿದೆ: "ಗುಂಡಿ ಇದ್ದ ಕಡೆ ಗುಡ್ಡ ಏಳುತ್ತೆ."

"ಎರಡು ಗುಡ್ಡ ಎದ್ರೆ ನಡುವೆ?"

"ಕಣಿವೆ."

"ಆ ಕಣಿವೆನೇ ಉಪ್ಪು ಅಂದುಕೊಂಡಿದಾನೆ ಅವನು" ಎಂದು ಕಡ್ಡಿಯನ್ನು ಕೆಳಗಿಟ್ಟರು. "ಅಲ್ಲಿ ಉಪ್ಪೂ ಇಲ್ಲ ಏನೂ ಇಲ್ಲ. ಇರೋದು ನಾನು ಏನೂ ಇಲ್ಲ ಅಂದ ಕಡೆ. ಈ ಎರಡು ಗುಂಡಿ ಜೇಡಿಮಣ್ಣಿಂದು."

ಮಂಗಳದಲ್ಲಿ ಜೇಡಿಮಣ್ಣು ಎಂದರೆ ಒಂದು ಕಾಲದಲ್ಲಿ ಅಲ್ಲಿ ನೀರು ಬಹುಕಾಲ ನಿಂತಿತ್ತು ಎಂದು ಅರ್ಥವಂತೆ. ಅದು ಉಪ್ಪಿಗಿಂತ ದೊಡ್ಡ ಸುದ್ದಿ. ಆದರೆ ಅವತ್ತು ಅತ್ತೆಯ ಮುಖದಲ್ಲಿ ಸುದ್ದಿಯ ಕಳೆ ಇರಲಿಲ್ಲ. ಹದಿನಾರು ವರ್ಷದ ಪಟ್ಟಿ ಯಂತ್ರಕ್ಕೆ ಹೋಗಬೇಕಾದ ಹೊತ್ತಿನಲ್ಲಿ, ಅದರಲ್ಲೊಂದು ತಪ್ಪು. ಒಂದು ತಪ್ಪಿದ್ದರೆ ಇನ್ನೆಷ್ಟೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಡೀ ಪಟ್ಟಿಯನ್ನೇ ಬದಿಗಿಟ್ಟರೆ ಹದಿನಾರು ವರ್ಷಕ್ಕೆ ಉಳಿಯುವುದು ಬೀರುವಿನಲ್ಲಿರುವ ಹನ್ನೊಂದು ನೋಟ್‌ಬುಕ್ಕು.

ನಾನು ಮೆಲ್ಲಗೆ ಕೇಳಿದೆ: "ಅತ್ತೆ, ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಮತ್ತೆ ಇನ್ನು ಮೂರು ವಾರ ತಾನೇ ಇರೋದು. ಸುಮ್ಮನಿದ್ದುಬಿಟ್ರೆ?"

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡುಗ ಇಲ್ಲದ ಉಪ್ಪಿನ ಮೇಲೆ ಡಾಕ್ಟ್ರು ಆಗ್ತಾನೆ" ಎಂದರು. "ಆ ಮಷೀನು ಇದನ್ನ ಸಪ್ಪೆ ಅಂತ ಕಲಿಯುತ್ತೆ. ಕಲಿತ ಮೇಲೆ ಇಂಥದ್ದು ಎಲ್ಲಿ ಕಂಡ್ರೂ ಸಪ್ಪೆ ಅನ್ನುತ್ತೆ. ಆಮೇಲೆ ಅಲ್ಲಿ ಇರೋ ಜೇಡಿಮಣ್ಣೆಲ್ಲ ಯಾರಿಗೂ ಸಿಗಲ್ಲ. ನಾನು ಮನೇಲಿ ಮಗು ಆಡಿಸ್ಕೊಂಡು ಕೂತಿರ್ತೀನಿ, ಅಲ್ಲಿ ಅದು ನನ್ನ ತಪ್ಪನ್ನ ದಿನಕ್ಕೆ ಸಾವಿರ ಸಲ ಮಾಡ್ತಿರುತ್ತೆ."

ಮರುದಿನ ಮೀಟಿಂಗಿನಲ್ಲಿ ಅತ್ತೆ ಎದ್ದು ಹೇಳಿಬಿಟ್ಟರು. ಅಲ್ಲಿ ನಡೆದದ್ದನ್ನು ನನಗೆ ವಿವರಿಸಿದವನು ಗೆರೆ ಡಾಕ್ಟರು. ಅತ್ತೆಯನ್ನು ಕೇಳಿದ್ದರೆ ಎರಡು ವಾಕ್ಯದಲ್ಲಿ ಮುಗಿಯುತ್ತಿತ್ತು.

"ಮೀಟಿಂಗಿಗೆ ಮುಂಚೆ ನನ್ನನ್ನ ಕರೆದು ಕೂರಿಸಿಕೊಂಡ್ರು" ಎಂದ ಅವನು. "'ಡಾಕ್ಟ್ರೇ, ನಿನ್ನ ಉಪ್ಪು ನನ್ನ ತಪ್ಪಿಂದ ಹುಟ್ಟಿದ್ದು, ನೋಡು' ಅಂದ್ರು. ನಾನು ನಮ್ಮಮ್ಮನಿಗೆ ಬೇರೆ ಹೇಳಿಬಿಟ್ಟಿದ್ದೆ, ಉಪ್ಪು ಕಂಡುಹಿಡಿದೆ ಅಂತ. ಅದಕ್ಕೆ ಇವರು, 'ಫೋನ್ ಹಾಕು, ನಾನೇ ಮಾತಾಡ್ತೀನಿ' ಅಂತಾರೆ."

ದೊಡ್ಡ ಮೇಡಂ ಬಹಳ ಹೊತ್ತು ಪರದೆ ನೋಡಿದರಂತೆ. ಆಮೇಲೆ, "ನಿಮ್ಮ ಮೇಲಿನ ಗೌರವ ಬೇರೆ, ಪಟ್ಟಿ ಬೇರೆ" ಎಂದರಂತೆ. ಇಡೀ ಪಟ್ಟಿ ಮರುಪರೀಕ್ಷೆಯಾಗಬೇಕು. ನೂರಕ್ಕೆ ಒಂದರಂತೆ, ಅಂದರೆ ನಲವತ್ಮೂರು ತಪ್ಪುಗಳವರೆಗೆ ಒಪ್ಪಬಹುದು. ಅದಕ್ಕಿಂತ ಒಂದು ಹೆಚ್ಚಾದರೂ ಪಟ್ಟಿಯನ್ನು ಕೈಬಿಟ್ಟು, ಯಂತ್ರ ತನ್ನಷ್ಟಕ್ಕೆ ತಾನೇ ಕಲಿಯಲಿ ಎಂದು ಬಿಡುವುದು. ಅಲ್ಲಿನ ನಿಯಮದಂತೆ, ಗುರುತಿಸಿದವರೇ ಮರುಪರೀಕ್ಷೆ ಮಾಡುವಂತಿಲ್ಲ. ಗೆರೆ ಡಾಕ್ಟರು ಮತ್ತು ಇನ್ನಿಬ್ಬರು ನೋಡಬೇಕು. ಅತ್ತೆ ಕೊಡಬಹುದಾದದ್ದು ಕಾರಣಗಳನ್ನು ಮಾತ್ರ, ಅಂದರೆ ನೋಟ್‌ಬುಕ್ಕುಗಳನ್ನು. ಅವೆಲ್ಲ ಟೈಪ್ ಆಗಬೇಕು.

ಆ ನೋಟ್‌ಬುಕ್ಕುಗಳನ್ನು ಬೀರುವಿನಿಂದ ತೆಗೆದವಳು ನಾನು. ಟೈಪ್ ಮಾಡಿದವಳೂ ನಾನೇ. ಮಗಳು ಮಲಗಿದಾಗ, ಆಡುವಾಗ, ಮಡಿಲಲ್ಲಿ ಕೂತು ಕೀಲಿಮಣೆ ಬಡಿಯುವಾಗ, ಎರಡು ವಾರ ಅದೇ ಕೆಲಸ. ಮೊದಲ ದಿನ ಬೇಸರವಾಯಿತು. ಮೂರನೆಯ ದಿನ ಬೇಸರ ಹೋಯಿತು. ನಮ್ಮ ಮನೆಯಲ್ಲಿ ಮೂರು ವರ್ಷದಿಂದ "ಹೂಂ", "ಆಯ್ತು", "ಊಟ ಆಯ್ತಾ" ಎಂಬ ಮೂರು ಮಾತಿನಲ್ಲಿ ದಿನ ಕಳೆಯುವ ಹೆಂಗಸು, ಇಲ್ಲಿ ಪುಟಪುಟವಾಗಿ ಮಾತಾಡಿದ್ದರು. "ಮೇಲ್ನೋಟಕ್ಕೆ ಒಳ್ಳೆಯ ಜಾಗ, ಆದರೆ ತೀರಾ ಒಳ್ಳೆಯದು ಎನಿಸುತ್ತಿದೆ, ಬಿಟ್ಟೆ." "ಇಲ್ಲಿ ಮರಳು ದಿಬ್ಬ ಸರಿದಾಡುತ್ತದೆ, ಇವತ್ತಿನ ಸಪ್ಪೆ ನಾಳೆಗಿಲ್ಲ." "ಈ ಕುಳಿಯ ನೆರಳು ಬೆಕ್ಕು ಮಲಗಿದ ಹಾಗಿದೆ." ಬೆಕ್ಕಿನ ವಾಕ್ಯಕ್ಕೆ ಅಡ್ಡಗೆರೆ ಹಾಕಿ ಸಹಿ ಮಾಡಿದ್ದರು. ಅದನ್ನೂ ಟೈಪ್ ಮಾಡಿದೆ.

ದಿನಾ ಸಂಜೆ ಗೆರೆ ಡಾಕ್ಟರಿಂದ ಫೋನಿಗೆ ಒಂದು ಸಾಲು ಬರುತ್ತಿತ್ತು: ಇಷ್ಟು ನೋಡಿದೆವು, ಇಷ್ಟು ತಪ್ಪು. ಹಳೆಯದರಿಂದ ಶುರು ಮಾಡಿದ್ದರು. ಮೊದಲ ಮುನ್ನೂರರಲ್ಲಿ ಐದು ತಪ್ಪು ಬಂದವು. ನಾನು ಕೂಡಲೇ ಲೆಕ್ಕ ಹಾಕಿದೆ. ಮುನ್ನೂರಕ್ಕೆ ಐದಾದರೆ ನಾಲ್ಕು ಸಾವಿರದ ಮುನ್ನೂರಕ್ಕೆ ಎಪ್ಪತ್ತೆರಡು. ಕಾಗದವನ್ನು ಮಡಿಚಿ ಮುಚ್ಚಿಟ್ಟೆ. ಅತ್ತೆಗೆ ತೋರಿಸುವ ಅಗತ್ಯವೇ ಇರಲಿಲ್ಲ. ಅವರ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿತ್ತು. ಲೆಕ್ಕ ಅವರಿಗೂ ಬರುತ್ತದೆ.

"ಊಟ ಮಾಡ್ತಿದೀರೋ, ಬರೀ ಪಟ್ಟಿ ನೆನೀತಿದೀರೋ?" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿ, "ಬಾಯಿ ಬಂತು ನಿನಗೆ" ಎಂದು ಎರಡು ತುತ್ತು ತಿಂದರು.

ಆ ಉಪ್ಪಿನ ಚಿತ್ರದ ನಮೂದು ಮೊದಲ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಉಳಿದವಕ್ಕೆಲ್ಲ ನಾಲ್ಕಾರು ಮಾತಿನ ಕಾರಣವಿದ್ದರೆ ಇದಕ್ಕೆ ಒಂದೇ: "ಸಮತಟ್ಟು." ಅಕ್ಷರ ಓರೆಯಾಗಿತ್ತು, ಎದ್ದು ನಿಂತು ಬರೆದ ಹಾಗೆ. ತಾರೀಖು ನೋಡಿದೆ. ನನ್ನ ಗಂಡನ ಹದಿನಾಲ್ಕನೇ ಹುಟ್ಟಿದ ಹಬ್ಬದ ಮಾರನೆಯ ದಿನ. ಹೊಸ ಸೈಕಲ್ಲಿನಿಂದ ಬಿದ್ದು, ಗಲ್ಲ ಸೀಳಿ, ಆರು ಹೊಲಿಗೆ ಹಾಕಿಸಿಕೊಂಡ ದಿನ. ಆ ಕಥೆಯನ್ನು ಇವರು ನನಗೆ ಇಪ್ಪತ್ತು ಸಲ ಹೇಳಿದ್ದಾರೆ. ಆಸ್ಪತ್ರೆಯಿಂದ ಅಮ್ಮನ ಆಫೀಸಿಗೆ ಫೋನ್ ಹೋಯಿತು ಎನ್ನುವ ಜಾಗದಲ್ಲಿ ಪ್ರತಿ ಸಲವೂ ಗಲ್ಲ ಮುಟ್ಟಿಕೊಳ್ಳುತ್ತಾರೆ.

ನೋಟ್‌ಬುಕ್ಕನ್ನು ಅತ್ತೆಯ ಮುಂದೆ ಹಿಡಿದೆ. "ಇದನ್ನ ಹೇಳಿ ಅತ್ತೆ. ಇಂಥ ದಿನ ಅಂತ ಷರಾದಲ್ಲಿ ಸೇರಿಸ್ತೀನಿ. ಯಾರಿಗಾದ್ರೂ ಅರ್ಥ ಆಗುತ್ತೆ."

ಅತ್ತೆ ಆ ಓರೆ ಅಕ್ಷರವನ್ನು ಒಂದು ಗಳಿಗೆ ನೋಡಿದರು. ಅವರಿಗೂ ತಾರೀಖು ಹೊಳೆದದ್ದು ಆಗಲೇ ಇರಬೇಕು.

"ಸೇರಿಸಬೇಡ" ಎಂದರು. "ನಿನ್ನ ಗಂಡನ ಗಲ್ಲ ಮಂಗಳದ ಮೇಲಿಂದ ಕಾಣಲ್ಲ. ಅಲ್ಲಿ ಕಾಣೋದು ಗೆರೆ ಮಾತ್ರ. ಗೆರೆ ನೋಡದೆ ಬರೆದೆ, ಅಷ್ಟೆ."

ನಾನು ಸೇರಿಸಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎರಡನೆಯ ವರ್ಷದ ಕೊನೆಯಲ್ಲಿ ನೋಟ್‌ಬುಕ್ಕಿಗೆ ಹೊಸದೊಂದು ಕಾಲಂ ಬಂದಿತ್ತು. ಸ್ಕೇಲು ಇಟ್ಟು ಎಳೆದು, ಮೇಲೆ "ಗೆರೆ ನೋಡಿದೆ" ಎಂದು ಬರೆದು, ಪ್ರತಿ ನಮೂದಿಗೂ ಮೂರು ಗುರುತು. ಯಾರೂ ಹೇಳಿಕೊಟ್ಟದ್ದಲ್ಲ. ಟ್ಯೂಬ್‌ಲೈಟು, ಬಲ್ಬು, ಬಿಸಿಲು ಎಂದು ಕಾರ್ಖಾನೆಯಲ್ಲಿ ಬಟ್ಟೆಯನ್ನು ಮೂರು ಬೆಳಕಿನಲ್ಲಿ ನೋಡುತ್ತಿದ್ದ ಹಾಗೆ, ಇಲ್ಲೂ ಪ್ರತಿ ಸಪ್ಪೆ ಜಾಗವನ್ನು ಬೇರೆ ಮೂರು ಜಾಗಗಳಿಂದ ಭಾಗಿಸಿ ನೋಡಿ ಆಮೇಲೇ ಬರೆಯುವ ಕಟ್ಟಳೆಯನ್ನು ಅತ್ತೆ ತಮಗೆ ತಾವೇ ಹಾಕಿಕೊಂಡಿದ್ದರು. ಅದಕ್ಕೆ ಹಿಂದಿನವನ್ನು ಮತ್ತೆ ತೆರೆದು ನೋಡದೆ ಉಳಿದದ್ದೇ ಅವರ ನಿಜವಾದ ತಪ್ಪು, ಎಂದು ಅವರೇ ಆಮೇಲೆ ಹೇಳಿದರು.

ನಾನು ಗೆರೆ ಡಾಕ್ಟರಿಗೆ ಫೋನ್ ಮಾಡಿದೆ. "ಆ ಕಾಲಂ ಬಂದ ಮೇಲಿನ ಒಂದೇ ಒಂದು ತಪ್ಪು ತೋರಿಸಿ, ನೋಡೋಣ" ಎಂದೆ. ನನ್ನ ದನಿ ನನಗೇ ಜಗಳಗಂಟಿಯಂತೆ ಕೇಳಿಸಿತು.

"ಹುಡುಕ್ತಾನೇ ಇದೀವಿ ಅಕ್ಕಾ" ಎಂದ ಅವನು. ಉಪ್ಪು ಕಳೆದುಕೊಂಡ ಸಿಟ್ಟಿಗೆ ಎರಡು ದಿನ ಅತ್ತೆಯ ಜೊತೆ ಸರಿಯಾಗಿ ಮಾತಾಡಿರಲಿಲ್ಲವಂತೆ. ಈಗ ಅವನ ದನಿಯಲ್ಲೂ ಏನೋ ಹುರುಪು.

ಆರನೆಯ ತಪ್ಪು ಬಂತು. ಎರಡನೆಯ ವರ್ಷದ ಹತ್ತನೆಯ ತಿಂಗಳ ನಮೂದುಗಳಲ್ಲಿ ಏಳನೆಯದು. ಆಮೇಲೆ ಸಂಜೆಯ ಸಂದೇಶಗಳಲ್ಲಿ ನೋಡಿದ ಸಂಖ್ಯೆ ಏರುತ್ತ ಹೋಯಿತು, ತಪ್ಪಿನ ಸಂಖ್ಯೆ ಅಲ್ಲೇ ನಿಂತಿತು. ಸಾವಿರ, ಏಳು. ಎರಡು ಸಾವಿರದ ಇನ್ನೂರು, ಏಳು. ನಾನು ಆ ಸಂದೇಶಗಳನ್ನು ಮಗಳ ಚಾರ್ಟಿನ ಪಕ್ಕದಲ್ಲೇ ಬರೆದು ಅಂಟಿಸುತ್ತಿದ್ದೆ. ಕೊನೆಯ ಶುಕ್ರವಾರ ಸಂಜೆ ಬಂದದ್ದು: "ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ಏಳು. ಸಪ್ಪೆಮ್ಮನವರಿಗೆ ಹೇಳಿ."

ಹೇಳಿದೆ. ಅತ್ತೆ ಮಗುವಿನ ಕಾಲುಚೀಲ ಹುಡುಕುತ್ತಿದ್ದರು. "ಏಳೂ ಕಾಲಮ್ಮಿಗಿಂತ ಹಿಂದಿನವೇನಾ?" ಎಂದು ಕೇಳಿದರು. "ಏಳೂ" ಎಂದೆ. "ಹಾಗಾದ್ರೆ ಸರಿ" ಎಂದು ಎರಡನೇ ಸಲ ಟೀ ಇಟ್ಟರು.

ಬೀಳ್ಕೊಡುಗೆಗೆ ಮನೆಯವರನ್ನೂ ಕರೆದಿದ್ದರು. ಆ ಬೂದು ಕೋಣೆಯನ್ನು ನಾನು ಮೊದಲ ಸಲ ಕಂಡೆ. ಮಗಳಿಗೆ ಹಳದಿ ಬಟ್ಟೆ ತೊಡಿಸಿದ್ದೆ. ಅವಳನ್ನು ಪರದೆಗಳಿಂದ ದೂರ ಹಿಡಿದುಕೊಳ್ಳಿ ಎಂದು ಯಾರೋ ನಗುತ್ತ ಹೇಳಿದರು. ದೊಡ್ಡ ಮೇಡಂ ಗಡಸು ಹೆಂಗಸು ಎಂದುಕೊಂಡಿದ್ದೆ. ಗಡಸೇ. ಆದರೆ ನನ್ನ ಹತ್ತಿರ ಬಂದು, "ಬೆಕ್ಕಿನ ವಾಕ್ಯವನ್ನೂ ಟೈಪ್ ಮಾಡಿದವರು ನೀವೇನಾ?" ಎಂದು ಕೇಳಿದರು.

ಪಟ್ಟಿಯನ್ನು ಯಂತ್ರಕ್ಕೆ ಉಣಿಸುವ ಹೊತ್ತು ಬಂತು. "ಏಳು ತೆಗೆದು, ಉಳಿದ ನಾಲ್ಕು ಸಾವಿರದ ಮುನ್ನೂರ ಐದು ಹಾಕ್ತಿದೀವಿ" ಎಂದು ಗೆರೆ ಡಾಕ್ಟರು ಗುಂಡಿ ಒತ್ತಲು ಹೋದ.

"ತೆಗೀಬೇಡಪ್ಪ" ಎಂದರು ಅತ್ತೆ.

ಕೋಣೆಯಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ. ಕೈಚೀಲದ ಹಿಡಿಯನ್ನು ತಿರುವುತ್ತ ಹೇಳಿದರು. "ಅಡ್ಡಗೆರೆ ಹಾಕಿ ಬಿಡು. ಒಳ್ಳೇ ನಾಲ್ಕು ಸಾವಿರ ನೋಡಿದ್ರೆ ಸಪ್ಪೆ ಹೆಂಗಿರುತ್ತೆ ಅಂತ ಅದು ಕಲಿಯುತ್ತೆ. ಸಪ್ಪೆ ಹಾಗೆ ಕಂಡು ಸಪ್ಪೆ ಅಲ್ಲದ್ದು ಹೆಂಗಿರುತ್ತೆ ಅಂತ ಈ ಏಳರಿಂದ ತಾನೇ ಕಲೀಬೇಕು? ನನಗೆ ಕಲಿಯೋಕೆ ಹದಿನಾರು ವರ್ಷ ಹಿಡೀತು. ಅದಕ್ಕಾದ್ರೂ ಬೇಗ ಬರಲಿ."

ದೊಡ್ಡ ಮೇಡಂ, "ಅವರು ಹೇಳಿದ ಹಾಗೇ ಮಾಡು" ಎಂದರು.

ಆಮೇಲೆ ಗೋಡೆಯ ಮೇಲಿನ ನಕ್ಷೆಯ ಮುಂದೆ ಎಲ್ಲರನ್ನೂ ನಿಲ್ಲಿಸಿದರು. ಆ ಕುಳಿಯ ಹೊಸ ನಕ್ಷೆ ಹಿಂದಿನ ದಿನವಷ್ಟೇ ಪ್ರಿಂಟಾಗಿ ಬಂದಿತ್ತು. ಇಳಿಜಾರಿನ ಮೇಲೆ ಮೊದಲು ಹಳದಿ ಮಚ್ಚೆಯಾಗಿ ಕೂತಿದ್ದ ಉಪ್ಪು ಈಗ ಇಲ್ಲ. ಅದರ ಕೆಳಗೆ, ಹಳೆಯ ನಕ್ಷೆಯಲ್ಲಿ ಬರೀ ಬೂದು ಇದ್ದ ಬಯಲಿನಲ್ಲಿ, ನನ್ನ ಅಂಗೈಯಷ್ಟು ನೀಲಿ. ಜೇಡಿಮಣ್ಣು. "ನನ್ನ ಉಪ್ಪು ನುಂಗಿದ ಮಣ್ಣು ಇದೇ ಅಕ್ಕಾ" ಎಂದ ಗೆರೆ ಡಾಕ್ಟರು. ಪ್ರಬಂಧದ ಅರ್ಧ ಭಾಗವನ್ನು ಈಗ ಈ ನೀಲಿಯ ಮೇಲೆ ಮತ್ತೆ ಬರೆಯುತ್ತಿದ್ದಾನಂತೆ. ಅವನ ಅಮ್ಮನಿಗೆ ಅತ್ತೆ ನಿಜವಾಗಿಯೂ ಫೋನ್ ಮಾಡಿ ಮಾತಾಡಿದ್ದರಂತೆ.

ನಕ್ಷೆಯ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕೆಲಸ ಮಾಡಿದವರ ಹೆಸರುಗಳಿದ್ದವು. ಬಗ್ಗಿ ಓದಿದೆ. ಸಪ್ಪೆ ಜಾಗಗಳ ಪಟ್ಟಿ ಎಂಬುದರ ಮುಂದೆ ಅತ್ತೆಯ ಹೆಸರು, ಸಪ್ಪೆಮ್ಮ ಎಂದಲ್ಲ, ಪೂರ್ತಿ ಹೆಸರು. ಅದರ ಕೆಳಗೆ ಇನ್ನೊಂದು ಸಾಲು: ತಿದ್ದುಪಡಿ, ಏಳು, ಮೊದಲ ತಪ್ಪು ಗುರುತಿಸಿದವರು. ಅದರ ಮುಂದೆಯೂ ಅದೇ ಹೆಸರು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಓದಿದ್ದು ಎರಡನೆಯ ಸಾಲನ್ನು. ನನ್ನ ಗಂಡ ಗಲ್ಲ ಮುಟ್ಟಿಕೊಂಡು ನಿಂತಿದ್ದರು. ಅಷ್ಟು ಹೊತ್ತಿಗೆ ನಾನು ಅವರಿಗೆ ತಾರೀಖಿನ ವಿಷಯ ಹೇಳಿಬಿಟ್ಟಿದ್ದೆ. ಷರಾದಲ್ಲಿ ಸೇರಿಸಬೇಡ ಎಂದಿದ್ದರೇ ಹೊರತು ಮನೆಯಲ್ಲಿ ಹೇಳಬೇಡ ಎಂದಿರಲಿಲ್ಲವಲ್ಲ.

ಒಂದನೇ ತಾರೀಖು ಬೆಳಿಗ್ಗೆ ನಾನು ಶಾಲೆಗೆ ಹೊರಟೆ. ಚೀಲ ಹಿಡಿದು ಬಾಗಿಲಿಗೆ ಹೋಗಿ ಮೂರು ಸಲ ವಾಪಸು ಬಂದೆ. ನೀರು ಕಾಯಿಸಿದ್ದೀರಾ, ಜ್ವರದ ಔಷಧಿ ಎಲ್ಲಿದೆ ಗೊತ್ತಾ, ಮಲಗುವಾಗ ಬೆನ್ನ ಮೇಲೆಯೇ ಮಲಗಿಸಬೇಕು. ನಾಲ್ಕನೇ ಸಲ ತಿರುಗಿದಾಗ ಅತ್ತೆ ಕೋಣೆಯಿಂದ ಹೊರಗೆ ಬಂದರು. ಬೆಂಕಿಯಂಥ ಕೆಂಪು ಬಟ್ಟೆ. ಎಲ್ಲಿತ್ತೋ, ಎಷ್ಟು ವರ್ಷದಿಂದ ಮಡಿಚಿಟ್ಟಿದ್ದರೋ, ಮಡಿಕೆಯ ಗುರುತು ಇನ್ನೂ ಹೋಗಿರಲಿಲ್ಲ. ಮಗಳು ಎರಡು ಕೈಯನ್ನೂ ಚಾಚಿ ಅದನ್ನು ಹಿಡಿಯಲು ಹಾರಿದಳು.

"ಹೋಗಮ್ಮ, ಹೊತ್ತಾಯ್ತು" ಎಂದರು ಅತ್ತೆ. "ಅವಳ ತೂಕ ನಾನು ನೋಡ್ತೀನಿ."

"ಮೊದಲು ನೀವೊಬ್ಬರೇ ನಿಂತು..."

"ಗೊತ್ತು" ಎಂದರು.

ಸ್ಟಾಫ್ ರೂಮಿನಲ್ಲಿ ಪಕ್ಕದ ಟೀಚರು, ಮಗುವನ್ನು ಯಾರ ಹತ್ತಿರ ಬಿಟ್ಟು ಬಂದಿರಿ ಎಂದು ಕೇಳಿದರು. ನಮ್ಮತ್ತೆಯ ಹತ್ತಿರ ಎಂದೆ. ಅವರು ಏನು ಕೆಲಸದಲ್ಲಿದ್ದರು ಎಂದು ಕೇಳಿದರು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಕಾಗದ ತೆಗೆದುಕೊಂಡು, ಎರಡು ಗುಂಡಿ ಇರುವ ಒಂದು ಗೆರೆ ಎಳೆದು, ಹೇಳಲು ಶುರು ಮಾಡಿದೆ.